ಏಳು ವರ್ಷದ ಬ್ರಾಮ್ಲಿ ಸೇಬಿನ ಮರ ಕಾಯಿ ಬಿಡುತ್ತಿಲ್ಲ, ಕಡಿದುಬಿಡಲೇ?

ಪ್ರಶ್ನೆ: ನಾವು ಮೂಡಿಗೆರೆ ಕಡೆಯವರು, ಈಗ ಇಂಗ್ಲೆಂಡಿನ ಲೆಸ್ಟರ್‌ನಲ್ಲಿದ್ದೇವೆ. ಏಳು ವರ್ಷದ ಹಿಂದೆ ಹಿತ್ತಲಿನಲ್ಲಿ ಬ್ರಾಮ್ಲಿ ಎಂಬ ಅಡುಗೆ ಸೇಬಿನ ಸಸಿ ನೆಟ್ಟೆವು. ಚೀಟಿಯ ಮೇಲೆ, ಕಸಿಗೆ ಬಳಸಿದ ಬೇರುಸಸಿ ಎಂಎಂ106 ಎಂದಿತ್ತು. ಮರ 14 ಅಡಿ ಬೆಳೆದಿದೆ, ಎಲೆಗೇನೂ ಕೊರತೆಯಿಲ್ಲ. ಪ್ರತಿ ಜನವರಿಯಲ್ಲೂ ಎಲ್ಲ ಕಡ್ಡಿಗಳನ್ನೂ ಅರ್ಧಕ್ಕೆ ಕತ್ತರಿಸುತ್ತೇನೆ. ಬೇಸಿಗೆ ಮುಗಿಯುವಷ್ಟರಲ್ಲಿ ಮತ್ತೆ ಆಳೆತ್ತರ ಚಿಗುರುತ್ತದೆ. ಹೂ ಮಾತ್ರ ಅಲ್ಲೊಂದು ಇಲ್ಲೊಂದು ಗೊಂಚಲು. ಹೋದ ವರ್ಷ ಹನ್ನೊಂದೇ ಕಾಯಿ, ಒಂದೊಂದೂ ಅರ್ಧ ಕೆ.ಜಿ. ತೂಗುವಂಥವು. ಆದರೆ ಸಿಪ್ಪೆಯ ಕೆಳಗೆ ಕಂದು ಚುಕ್ಕೆ, ಆ ಜಾಗ ಕಹಿ. ಪಕ್ಕದ ಮನೆಯಲ್ಲೂ ದೊಡ್ಡ ಬ್ರಾಮ್ಲಿ ಮರವಿದೆ, ಹಾಗಾಗಿ ಪರಾಗಸ್ಪರ್ಶದ ತೊಂದರೆ ಇರಲಾರದು ಅಂದುಕೊಂಡಿದ್ದೇನೆ. ಹುಲ್ಲುಹಾಸಿಗೆ ವರ್ಷಕ್ಕೆರಡು ಸಲ ಹಾಕುವ ಗೊಬ್ಬರ ಮರದ ಬುಡಕ್ಕೂ ಬೀಳುತ್ತದೆ. ಕಾಂಡಕ್ಕೆ ಮೊಳೆ ಹೊಡೆದರೆ ಕಾಯಿ ಹಿಡಿಯುತ್ತದೆ ಎಂದು ಊರಿಂದ ಅಪ್ಪ ಹೇಳುತ್ತಾರೆ. ಮರ ಕಡಿದು ಬೇರೆ ಹಾಕಬೇಕೆ? ಆ ಚುಕ್ಕೆ ರೋಗವೆ? ಅಪ್ಪ ಇಲ್ಲಿಗೆ ಬಂದಾಗ ಒಂದೆರಡು ಕಡ್ಡಿ ಒಯ್ದು ತೋಟದಲ್ಲಿ ಕಸಿ ಕಟ್ಟಬೇಕೆಂದಿದ್ದಾರೆ, ಆಗುತ್ತದೆಯೆ? ಇನ್ನೊಂದು: ಈ ಕಾಯಲ್ಲಿ ಅಮ್ಮ ಉಪ್ಪಿನಕಾಯಿ ಹಾಕಿದರೆ ಹದಿನೈದೇ ದಿನಕ್ಕೆ ಮೆತ್ತಗಾಗಿಬಿಡುತ್ತದೆ. ಅದಕ್ಕೇನಾದರೂ ದಾರಿ ಇದೆಯೆ?

ಉತ್ತರ: ಮರ ಕಡಿಯಬೇಡಿ. ನೀವು ಬರೆದಿರುವುದರಲ್ಲಿ ಮರ ಕೆಟ್ಟಿದೆ ಎನ್ನುವ ಲಕ್ಷಣ ಒಂದೂ ಇಲ್ಲ. ವರ್ಷಕ್ಕೆ ಆಳೆತ್ತರ ಚಿಗುರುವ ಮರಕ್ಕೆ ಶಕ್ತಿ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ. ಆ ಶಕ್ತಿ ಹೂವಿಗೆ ಹೋಗದೆ ಕಟ್ಟಿಗೆಗೆ ಹೋಗುತ್ತಿದೆ, ಅಷ್ಟೆ. ಕಾರಣಗಳು ಮೂರ್ನಾಲ್ಕಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಜನವರಿಯಲ್ಲಿ ನೀವು ಹಿಡಿಯುವ ಕತ್ತರಿ.

ನಿಮ್ಮ ತಂದೆಯವರಿಗೆ ಇದನ್ನು ಒಂದೇ ಮಾತಿನಲ್ಲಿ ವಿವರಿಸಬಹುದು. ಅರೇಬಿಕಾ ಕಾಫಿಯಲ್ಲಿ ಕಳೆದ ವರ್ಷ ಬೆಳೆದ ರೆಕ್ಕೆಯ, ಅಂದರೆ ಅಡ್ಡಕೊಂಬೆಯ, ಮೇಲೆ ಈ ವರ್ಷದ ಹೂ ಬರುತ್ತದೆ. ಪ್ರತಿ ವರ್ಷ ಎಲ್ಲ ರೆಕ್ಕೆಗಳನ್ನೂ ಅರ್ಧಕ್ಕೆ ಕತ್ತರಿಸಿದರೆ ಆ ತೋಟದಲ್ಲಿ ಫಸಲು ಎಲ್ಲಿಂದ ಬರಬೇಕು? ಬ್ರಾಮ್ಲಿಯದ್ದೂ ಹತ್ತಿರ ಹತ್ತಿರ ಅದೇ ಕಥೆ. ಸೇಬಿನ ಬಹುತೇಕ ತಳಿಗಳು ಹಳೆಯ ಕೊಂಬೆಗಳ ಮೇಲಿನ ಗಿಡ್ಡ ಗಂಟುಗಳಲ್ಲಿ ಹೂ ಬಿಡುತ್ತವೆ. ಅವುಗಳ ಕಡ್ಡಿಯ ತುದಿ ಕತ್ತರಿಸಿದರೆ ನಷ್ಟವಿಲ್ಲ, ಎಷ್ಟೋ ಸಲ ಲಾಭವೇ. ತೋಟಗಾರಿಕೆ ಪುಸ್ತಕಗಳಲ್ಲಿ ಸಾಮಾನ್ಯವಾಗಿ ಬರೆದಿರುವುದು ಆ ತಳಿಗಳಿಗಾಗಿ. ಬ್ರಾಮ್ಲಿ ಅರ್ಧ ಗಂಟಿನಲ್ಲಿ, ಅರ್ಧ ಕಡ್ಡಿಯ ತುದಿಯಲ್ಲಿ ಕಾಯಿ ಬಿಡುವ ಜಾತಿ. ಹಿಂದಿನ ಬೇಸಿಗೆಯಲ್ಲಿ ಬೆಳೆದ ಸಣ್ಣ ಕಡ್ಡಿಯ ತುದಿಮೊಗ್ಗೇ ಮುಂದಿನ ವಸಂತದ ಹೂಗೊಂಚಲು. ಜನವರಿಯಲ್ಲಿ ಆ ಮರದ ಹತ್ತಿರ ಹೋಗಿ ನೋಡಿ: ಉಬ್ಬಿಕೊಂಡು, ಬೂದು ಬಣ್ಣದ ನವಿರು ರೋಮ ಹೊದ್ದಿರುವುದು ಹೂಮೊಗ್ಗು, ತೆಳ್ಳಗೆ, ಕಡ್ಡಿಗೆ ಅಂಟಿಕೊಂಡಂತಿರುವುದು ಎಲೆಮೊಗ್ಗು. ನಿಮ್ಮ ಕತ್ತರಿಯಿಂದ ಕೆಳಗೆ ಬೀಳುವ ರಾಶಿಯಲ್ಲಿ ಉಬ್ಬುಮೊಗ್ಗು ಎಷ್ಟಿವೆ ಎಂದು ಎಣಿಸಿದರೆ ಕಾಯಿ ಎಲ್ಲಿಗೆ ಹೋಯಿತು ಎಂಬುದು ಗೊತ್ತಾಗುತ್ತದೆ.

ಇನ್ನೂ ಒಂದು ಹಾನಿ ಇದೆ. ಚಳಿಗಾಲದಲ್ಲಿ ಆಹಾರವೆಲ್ಲ ಬೇರು, ಕಾಂಡಗಳಲ್ಲಿ ಕೂತಿರುತ್ತದೆ. ಅರ್ಧ ಮೊಗ್ಗುಗಳನ್ನು ತೆಗೆದುಹಾಕಿದರೆ ಇಬ್ಬರಿಗೆ ಮಾಡಿದ ಅಡುಗೆ ಒಬ್ಬನ ಎಲೆಗೇ ಬಿದ್ದಂತೆ. ಉಳಿದ ಮೊಗ್ಗು ಕಂಬಚಿಗುರಾಗಿ ನೆಟ್ಟಗೆ ಏಳುತ್ತದೆ. ಜೋರಾಗಿ ನೆಟ್ಟಗೆ ಏಳುವ ಚಿಗುರು ಹೂಮೊಗ್ಗು ಕಟ್ಟುವುದು ಕಡಿಮೆ. ಅದನ್ನು ನೋಡಿ ನೀವು ಮತ್ತೆ ಕತ್ತರಿಸುತ್ತೀರಿ, ಅದು ಮತ್ತೆ ಏಳುತ್ತದೆ. ಈ ಸುತ್ತನ್ನು ಎಲ್ಲಾದರೂ ಒಂದು ಕಡೆ ಮುರಿಯಲೇಬೇಕು.

ಕತ್ತರಿ ಹಿಡಿಯುವ ಮೊದಲು ಬುಡ ನೋಡಿ. ಕಸಿ ಕಟ್ಟಿದ ಜಾಗದಲ್ಲಿ ಕಾಂಡ ಸ್ವಲ್ಪ ದಪ್ಪಗಾಗಿ ಡೊಂಕಿರುತ್ತದೆ. ಅದು ನೆಲದಿಂದ ಕನಿಷ್ಠ ಮೂರ್ನಾಲ್ಕು ಇಂಚು ಮೇಲಿರಬೇಕು. ನೆಡುವಾಗ ಆಳವಾಗಿದ್ದರೆ ಅಥವಾ ವರ್ಷ ವರ್ಷ ಗೊಬ್ಬರ ಸುರಿದು ಅದು ಮುಚ್ಚಿಹೋಗಿದ್ದರೆ, ಮೇಲಿನ ಬ್ರಾಮ್ಲಿಯೇ ಸ್ವಂತ ಬೇರು ಇಳಿಸಿಬಿಡುತ್ತದೆ. ಆಮೇಲೆ ಎಂಎಂ106 ಇದ್ದೂ ಇಲ್ಲದಂತೆ. ಮರದ ಎತ್ತರವನ್ನು ತಡೆಯಲೆಂದು ಆರಿಸಿದ ಬೇರುಸಸಿ (ಮೇಲೆ ಕಸಿ ಕಟ್ಟಿಸಿಕೊಂಡು ಬೇರು ಒದಗಿಸುವ ಗಿಡ) ಅದು, ಕೆಂಟ್‌ನ ಈಸ್ಟ್ ಮಾಲಿಂಗ್ ಸಂಶೋಧನಾ ಕೇಂದ್ರದ ಸರಣಿಯದ್ದು. ಸಾಧಾರಣ ತಳಿಯನ್ನು ಅದು ಮಧ್ಯಮ ಎತ್ತರಕ್ಕೆ ನಿಲ್ಲಿಸುತ್ತದೆ, ಬ್ರಾಮ್ಲಿಯಂಥ ಹುರುಪಿನ ತಳಿ ಅದನ್ನೂ ದಾಟಿ ಬೆಳೆಯುತ್ತದೆ. ಕಸಿಗಂಟು ಮುಚ್ಚಿದ್ದರೆ ಮಣ್ಣು ಕೆರೆದು ಬಿಡಿಸಿ, ಗಂಟಿನ ಮೇಲಿಂದ ಹೊರಟ ಬೇರುಗಳನ್ನು ಚೂಪಾದ ಕತ್ತರಿಯಿಂದ ತೆಗೆಯಿರಿ. ಹೆಬ್ಬೆರಳಿಗಿಂತ ದಪ್ಪದ ಬೇರು ಹಲವಿದ್ದರೆ ಒಂದೇ ವರ್ಷದಲ್ಲಿ ಎಲ್ಲವನ್ನೂ ಕಡಿಯಬೇಡಿ, ಮರ ಗಾಳಿಗೆ ಅಲುಗಾಡುತ್ತದೆ. ಎರಡು ಚಳಿಗಾಲಕ್ಕೆ ಹಂಚಿಕೊಳ್ಳಿ.

ಈ ಬಾರಿಯ ಜನವರಿಯಲ್ಲಿ ತೆಗೆಯಬೇಕಾದ್ದು ಇಷ್ಟೇ: ಒಣಗಿದ್ದು, ತೊಗಟೆ ಹುಣ್ಣಾದದ್ದು, ಒಂದಕ್ಕೊಂದು ಉಜ್ಜುವುದು. ನಡುವೆ ತೀರಾ ದಟ್ಟವಾಗಿದ್ದರೆ ಒಂದೆರಡು ಕೊಂಬೆಗಳನ್ನು ಬುಡದಿಂದಲೇ ತೆಗೆಯಿರಿ. ತುದಿ ತುದಿ ಮೊಟಕುಗೊಳಿಸಬೇಡಿ. ಒಟ್ಟು ಹಂದರದ ಹತ್ತರಲ್ಲಿ ಒಂದು ಪಾಲಿಗಿಂತ ಹೆಚ್ಚು ಹೋಗದಿರಲಿ. ಅಡ್ಡಕಡ್ಡಿಗಳ ವಿಷಯದಲ್ಲಿ ನಮ್ಮ ಗೇಣಿನ ಅಳತೆಯೇ ಸಾಕು. ಗೇಣಿಗಿಂತ ಚಿಕ್ಕದಾದ ಯಾವ ಕಡ್ಡಿಯನ್ನೂ ಮುಟ್ಟಬೇಡಿ, ಅದರ ತುದಿಯಲ್ಲೇ ನಿಮ್ಮ ಕಾಯಿ ಇದೆ. ಗೇಣಿಗಿಂತ ಉದ್ದವಿದ್ದು ಒತ್ತೊತ್ತಾಗಿರುವ ಕೆಲವನ್ನು ಮಾತ್ರ ಐದಾರು ಮೊಗ್ಗಿಗೆ ಮೊಟಕು ಮಾಡಬಹುದು.

ಹುರುಪು ತಗ್ಗಿಸುವ ಕತ್ತರಿ ಕೆಲಸಕ್ಕೆ ಕಾಲ ಬೇಸಿಗೆ. ಜುಲೈ ಕೊನೆಯಿಂದ ಆಗಸ್ಟ್‌ವರೆಗೆ, ಎಲೆ ತುಂಬಿರುವಾಗ, ನೆಟ್ಟಗೆ ಎದ್ದ ಕಂಬಚಿಗುರುಗಳನ್ನು ಬುಡದಿಂದ ತೆಗೆಯಿರಿ. ಎಲೆ ಕಳೆದುಕೊಂಡ ಮರ ಚಳಿಗಾಲಕ್ಕೆ ಕೂಡಿಡುವ ಆಹಾರ ಕಡಿಮೆ, ಹಾಗಾಗಿ ಮುಂದಿನ ವರ್ಷದ ಏಳಿಗೆಯೂ ಕಡಿಮೆ. 14 ಅಡಿ ಎತ್ತರ ಕಷ್ಟವಾಗಿದ್ದರೆ ತುದಿಯನ್ನು ಇಳಿಸುವುದೂ ಆಗಸ್ಟ್‌ನಲ್ಲೇ, ಅದೂ ಒಂದು ಸೌಮ್ಯ ಅಡ್ಡಕೊಂಬೆಯ ಕವಲಿಗೆ ಸರಿಯಾಗಿ ಕೊಯ್ದು. ತೆಗೆಯದೆ ಉಳಿಸಿಕೊಂಡ ಚಿಗುರುಗಳಲ್ಲಿ ಬಾಗುವಂಥವನ್ನು ಸೆಣಬಿನ ದಾರದಿಂದ ಮೆಲ್ಲಗೆ ಎಳೆದು ನೆಲದ ಗೂಟಕ್ಕೆ ಕಟ್ಟಿ. ಪೂರ್ತಿ ಮಲಗಿಸಬೇಡಿ. ತುದಿ ಬುಡಕ್ಕಿಂತ ಸ್ವಲ್ಪ ಮೇಲೇ ಇರಲಿ. ಕಮಾನಿನಂತೆ ಕೆಳಗೆ ಬಗ್ಗಿಸಿದರೆ ಕಮಾನಿನ ಬೆನ್ನಿನಿಂದ ಹೊಸ ಕಂಬಚಿಗುರು ಏಳುತ್ತದೆ. ಓರೆಯಾಗಿ ಮಲಗಿದ ಕೊಂಬೆ ಬೆಳವಣಿಗೆ ನಿಧಾನಿಸಿ ಹೂಮೊಗ್ಗು ಕಟ್ಟುತ್ತದೆ. ಇಡೀ ಉತ್ತರದಲ್ಲಿ ಒಂದೇ ಒಂದು ಕೆಲಸ ಮಾಡಲು ನಿಮಗೆ ಸಮಯವಿದ್ದರೆ ಈ ದಾರ ಕಟ್ಟುವ ಕೆಲಸ ಮಾಡಿ.

ಎಷ್ಟು ಕಾಯಬೇಕು? ಮುಂದಿನ ವಸಂತದ ಹೂಮೊಗ್ಗು ಹಿಂದಿನ ಬೇಸಿಗೆಯಲ್ಲೇ ರೂಪುಗೊಳ್ಳುತ್ತದೆ. ಆದ್ದರಿಂದ ಈ ಚಳಿಗಾಲ ಕತ್ತರಿ ತಡೆದರೆ ಬರುವ ವಸಂತದಲ್ಲಿ ಸ್ವಲ್ಪ, ಅದರ ಮುಂದಿನ ವಸಂತದಲ್ಲಿ ಕಣ್ಣಿಗೆ ಕಾಣುವಷ್ಟು, ಮೂರನೆಯದರಲ್ಲಿ ತೃಪ್ತಿಯಾಗುವಷ್ಟು ಹೂ ನಿರೀಕ್ಷಿಸಬಹುದು. ನಡುವಿನ ಒಂದು ವರ್ಷ ಮರ ಕೆದರಿದ ತಲೆಯಂತೆ ಕಾಣುತ್ತದೆ. ಆಗ ಕೈ ತಡೆದುಕೊಳ್ಳುವುದೇ ಕಷ್ಟದ ಭಾಗ.

ಪಕ್ಕದ ಮನೆಯ ಮರದ ವಿಷಯಕ್ಕೆ ಬರೋಣ. ಅಲ್ಲಿರುವುದು ನಿಮ್ಮ ಮರದ ಜೋಡಿಯಲ್ಲ, ನಿಮ್ಮ ಮರವೇ. ನಿಮ್ಮಲ್ಲಿಂದ ಸುಮಾರು ಒಂದು ಗಂಟೆಯ ಹಾದಿಯ ನಾಟಿಂಗ್‌ಹ್ಯಾಮ್‌ಶೈರ್‌ನ ಸೌತ್‌ವೆಲ್ ಎಂಬ ಊರಿನಲ್ಲಿ 1809ರಲ್ಲಿ ಮೇರಿ ಆ್ಯನ್ ಬ್ರೇಲ್ಸ್‌ಫರ್ಡ್ ಎಂಬ ಹುಡುಗಿ ಬಿತ್ತಿದ ಬೀಜದಿಂದ ಹುಟ್ಟಿದ ಒಂದು ಮರ. 1846ರಲ್ಲಿ ಆ ಮನೆ ಕೊಂಡವರು ಮ್ಯಾಥ್ಯೂ ಬ್ರಾಮ್ಲಿ ಎಂಬ ಮಾಂಸದ ವ್ಯಾಪಾರಿ. 1856ರಲ್ಲಿ ಹೆನ್ರಿ ಮೆರಿವೆದರ್ ಎಂಬ ಯುವಕ ಕಸಿಕಡ್ಡಿ ಕೇಳಿದಾಗ, ನನ್ನ ಹೆಸರಿಡುವುದಾದರೆ ಕೊಂಡುಹೋಗು ಎಂದು ಅವರು ಒಪ್ಪಿದರು. ಬಿತ್ತಿದವಳ ಹೆಸರು ಹಣ್ಣಿಗೆ ಬರಲಿಲ್ಲ. ಅಲ್ಲಿಂದ ಈಚೆಗೆ ಲೋಕದಲ್ಲಿರುವ ಪ್ರತಿಯೊಂದು ಬ್ರಾಮ್ಲಿಯೂ ಆ ಒಂದೇ ಮರದ ಕಡ್ಡಿಯಿಂದ ಕಸಿಯಾಗಿ ಬಂದದ್ದು. ಬಿರುಗಾಳಿಗೆ ಉರುಳಿ, ಮತ್ತೆ ಚಿಗುರಿ, ಬೇರು ಕೊಳೆಸುವ ಶಿಲೀಂಧ್ರ ತಗುಲಿಯೂ ಆ ತಾಯಿಮರ ಇನ್ನೂರು ವರ್ಷ ದಾಟಿತು. ಬೀಜ ಬಿತ್ತಿದರೆ ಬ್ರಾಮ್ಲಿ ಹುಟ್ಟುವುದಿಲ್ಲ, ಬೇರೇನೋ ಹುಟ್ಟುತ್ತದೆ. ಯಾರಾದರೂ ಬೀಜದ ಸಸಿ ಕೊಡುತ್ತೇನೆಂದರೆ ಬೇಡವೆನ್ನಿ.

ಒಂದೇ ಮರದ ಎರಡು ಪ್ರತಿಗಳು ಒಂದಕ್ಕೊಂದು ಪರಾಗ ಕೊಟ್ಟು ಪ್ರಯೋಜನವಿಲ್ಲ. ಬ್ರಾಮ್ಲಿಯಲ್ಲಿ ಅದಕ್ಕಿಂತ ಮೂಲದ ಅಡಚಣೆಯೂ ಇದೆ. ಸಾಮಾನ್ಯ ಸೇಬಿಗೆ 17 ಕ್ರೋಮೋಸೋಮುಗಳ ಎರಡು ಕಟ್ಟು, ಒಟ್ಟು 34. ಬ್ರಾಮ್ಲಿಗೆ ಮೂರು ಕಟ್ಟು, ಒಟ್ಟು 51. ಮೂರನ್ನು ಸಮನಾಗಿ ಎರಡು ಪಾಲು ಮಾಡಲಾಗದ್ದರಿಂದ ಅದರ ಪರಾಗ ಬಹುಪಾಲು ಬಂಜೆ. ನಾವು ತಿನ್ನುವ ಬಾಳೆಹಣ್ಣುಗಳಲ್ಲಿ ಹೆಚ್ಚಿನವು ಹೀಗೇ ಮೂರು ಕಟ್ಟಿನವು, ಅವುಗಳಲ್ಲಿ ಬೀಜವಿಲ್ಲದಿರಲು ಇದೂ ಒಂದು ಕಾರಣ. ದಪ್ಪ ಎಲೆ, ದೊಡ್ಡ ಕಾಯಿ, ಆ ಹುರುಪು ಕೂಡ ಈ ಮೂರು ಕಟ್ಟಿನ ಸೇಬುಗಳಲ್ಲಿ ಸಾಮಾನ್ಯವಾಗಿ ಕಾಣುವ ಗುಣಗಳು. ಬ್ರಾಮ್ಲಿಗೆ ಪರಾಗ ಪಡೆಯಲು ಬರುತ್ತದೆ, ಕೊಡಲು ಬರುವುದಿಲ್ಲ ಎಂದಿಟ್ಟುಕೊಳ್ಳಿ.

ಹಾಗೆಂದು ನಾಳೆಯೇ ಇನ್ನೆರಡು ಮರ ಕೊಳ್ಳಲು ಹೋಗಬೇಡಿ. ಬ್ರಾಮ್ಲಿ ನೆಟ್ಟರೆ ಮೂರು ಮರ ನೆಡಬೇಕು (ಅದಕ್ಕೆ ಪರಾಗ ಕೊಡುವ ಮರಕ್ಕೆ ಪರಾಗ ಕೊಡಲು ಇನ್ನೊಂದು ಬೇಕಲ್ಲ) ಎನ್ನುವ ಮಾತು ಬಯಲಿನ ಒಂಟಿ ತೋಟಕ್ಕೆ ಸರಿ. ಊರೊಳಗೆ ಅಕ್ಕಪಕ್ಕದ ಹಿತ್ತಲುಗಳಲ್ಲಿ ಯಾವುದೋ ತಿನ್ನುವ ಸೇಬು, ಅಲಂಕಾರದ ಕಾಡುಸೇಬು ಇದ್ದೇ ಇರುತ್ತದೆ. ಜೇನುಹುಳಕ್ಕೆ ಬೇಲಿಯ ಹಂಗಿಲ್ಲ. ಏಪ್ರಿಲ್ ಕೊನೆ, ಮೇ ಮೊದಲ ವಾರ ನಿಮ್ಮ ಮರ ಹೂ ಬಿಟ್ಟಾಗ ಬೀದಿಯಲ್ಲಿ ಒಂದು ಸುತ್ತು ಹಾಕಿ ನೋಡಿ. ಅನುಮಾನವಿದ್ದರೆ ಖರ್ಚಿಲ್ಲದ ಪರೀಕ್ಷೆಯೊಂದಿದೆ. ಯಾರನ್ನಾದರೂ ಕೇಳಿ ಬೇರೆ ತಳಿಯ ಅಥವಾ ಕಾಡುಸೇಬಿನ ಹೂಬಿಟ್ಟ ನಾಲ್ಕು ಟೊಂಗೆ ತಂದು ನೀರಿನ ಡಬ್ಬದಲ್ಲಿಟ್ಟು ನಿಮ್ಮ ಮರದ ನಡುವೆ ತೂಗುಹಾಕಿ. ಆ ವರ್ಷ ಕಾಯಿ ಕಚ್ಚುವುದು ಎದ್ದು ಕಾಣುವಂತೆ ಹೆಚ್ಚಿದರೆ ಪರಾಗದ ಕೊರತೆ ನಿಜ. ಆಗ ಜಾಗವಿದ್ದರೆ ಜೇಮ್ಸ್ ಗ್ರೀವ್, ಡಿಸ್ಕವರಿ, ಗ್ರೆನೇಡಿಯರ್‌ಗಳಲ್ಲಿ ಒಂದನ್ನು, ಇಲ್ಲವೇ ಗೋಲ್ಡನ್ ಹಾರ್ನೆಟ್ ಕಾಡುಸೇಬನ್ನು ಗಿಡ್ಡ ಬೇರುಸಸಿಯ ಮೇಲೆ ಹಾಕಬಹುದು. ಜಾಗವಿಲ್ಲದಿದ್ದರೆ ಇದೇ ಮರದ ಬಿಸಿಲಿನ ಕಡೆಯ ಒಂದು ಕೊಂಬೆಗೆ ಮಾರ್ಚ್–ಏಪ್ರಿಲ್‌ನಲ್ಲಿ ಜೇಮ್ಸ್ ಗ್ರೀವ್ ಕಸಿ ಕಟ್ಟಬಹುದು. ಕಡ್ಡಿಯನ್ನು ಜನವರಿಯಲ್ಲೇ ಕೊಯ್ದು ಒದ್ದೆ ಕಾಗದದಲ್ಲಿ ಸುತ್ತಿ ಫ್ರಿಜ್ಜಿನಲ್ಲಿ ಇಟ್ಟಿರಬೇಕು. ಅಪಾಯವೊಂದೇ, ಬ್ರಾಮ್ಲಿಯ ಹುರುಪಿನಲ್ಲಿ ಆ ಕೊಂಬೆ ನೆರಳಿಗೆ ಸಿಕ್ಕಿ ಸೊರಗಬಹುದು. ಅದರ ಸುತ್ತ ಪ್ರತಿ ಬೇಸಿಗೆ ಬಿಡಿಸಿಕೊಡುತ್ತಿರಬೇಕು.

ಅರಳಿದ ಹೂವಿಗೆ ಮೈನಸ್ 2 ಡಿಗ್ರಿ ಹೊತ್ತಿಗೆ ಪೆಟ್ಟು ಬೀಳುತ್ತದೆ, ಬ್ರಾಮ್ಲಿಯ ಹೂ ಈ ವಿಷಯದಲ್ಲಿ ನಾಜೂಕು. ಹಿಮ ಬೀಳುವ ರಾತ್ರಿ ಕೈಗೆಟುಕುವ ಕೊಂಬೆಗಳಿಗೆ ತೋಟದ ತೆಳು ಬಟ್ಟೆ ಹೊದಿಸಿ, ಬೆಳಗ್ಗೆ ಜೇನುಹುಳಕ್ಕಾಗಿ ತೆಗೆಯಿರಿ.

ಕಂದು ಚುಕ್ಕೆ ಅಂಟುರೋಗವಲ್ಲ, ಹುಳುವೂ ಅಲ್ಲ. ಹುಳುವಾಗಿದ್ದರೆ ಒಳಗೆ ಸುರಂಗ, ಹಿಕ್ಕೆ ಇರುತ್ತಿತ್ತು. ಕಜ್ಜಿರೋಗವಾಗಿದ್ದರೆ ಕಲೆ ಸಿಪ್ಪೆಯ ಮೇಲೇ ಒರಟಾಗಿ ಬಿರಿದಿರುತ್ತಿತ್ತು. ಸಿಪ್ಪೆಯಡಿ ಒಣಗಿದ ಕಂದು ತಿರುಳು, ಕಹಿ ರುಚಿ, ಅತಿ ದೊಡ್ಡ ಕಾಯಿ ಎಂಬ ಮೂರೂ ಸೇರಿದರೆ ಅದು ಕಾಯಿಯಲ್ಲಿ ಕ್ಯಾಲ್ಸಿಯಂ ಸಾಲದೆ ಬರುವ ಕಹಿಚುಕ್ಕೆ. ಬ್ರಾಮ್ಲಿಗೆ ಇದು ಬೇಗ ಬರುತ್ತದೆ. ಮಣ್ಣಿನಲ್ಲಿ ಕ್ಯಾಲ್ಸಿಯಂ ಇಲ್ಲ ಎಂದಲ್ಲ. ಅದು ನೀರಿನ ಜೊತೆ ಮೇಲೇರುತ್ತದೆ, ನೀರನ್ನು ಹೆಚ್ಚು ಸೆಳೆಯುವುದು ಎಲೆ ಮತ್ತು ಚಿಗುರು. ಒಮ್ಮೆ ಎಲೆಗೆ ಹೋದದ್ದು ಕಾಯಿಗೆ ಮರಳುವುದಿಲ್ಲ. ಚಿಗುರಿನ ಅಬ್ಬರ, ಹನ್ನೊಂದೇ ಕಾಯಿ, ಆ ಕಾಯಿ ಬಲೂನಿನಂತೆ ಊದಿದ್ದು, ಬೇಸಿಗೆಯ ನಡುವೆ ನೆಲ ಒಣಗಿದ್ದು, ಎಲ್ಲ ಒಂದೇ ಸರಪಳಿಯ ಕೊಂಡಿಗಳು. ಕತ್ತರಿ ಕಡಿಮೆಯಾಗಿ ಕಾಯಿ ಹೆಚ್ಚಿದಂತೆ ಚುಕ್ಕೆಯೂ ತನ್ನಿಂತಾನೇ ಇಳಿಯುತ್ತದೆ.

ಅಲ್ಲಿಯವರೆಗೆ ಬುಡದ ಸುತ್ತ ಒಂದು ಮೀಟರ್ ವ್ಯಾಸದಷ್ಟಾದರೂ ಹುಲ್ಲು ತೆಗೆದು, ಎರಡು ಮೂರು ಇಂಚು ತರಗು ಅಥವಾ ಮರದ ಚಕ್ಕೆ ಹೊದಿಸಿ, ಕಾಂಡಕ್ಕೆ ತಾಗದಿರಲಿ. ಜೂನ್‌ನಿಂದ ಆಗಸ್ಟ್‌ವರೆಗೆ ಮಳೆಯಿಲ್ಲದ ವಾರ 30–40 ಲೀಟರ್ ನೀರನ್ನು ಒಂದೇ ಸಲ ನಿಧಾನವಾಗಿ ಕೊಡಿ. ಹುಲ್ಲುಹಾಸಿನ ಗೊಬ್ಬರ ಮರದ ಹಂದರದಡಿ ಬೀಳಲೇಬಾರದು, ಅದರಲ್ಲಿರುವುದು ಮುಖ್ಯವಾಗಿ ಸಾರಜನಕ. ಚಿಗುರೂ ಅದರಿಂದ, ಚುಕ್ಕೆಯೂ ಅದರಿಂದ. ಕಾಯಿ ಬಿಡದ ಮರಕ್ಕೆ ಪೊಟ್ಯಾಷ್ ಹಾಕಿ ಎಂದು ಹಲವರು ಹೇಳುತ್ತಾರೆ. ನಿಮ್ಮ ಮರಕ್ಕೆ ಈಗ ಅದೂ ಬೇಡ, ಪೊಟ್ಯಾಷ್ ಹೆಚ್ಚಾದರೆ ಕ್ಯಾಲ್ಸಿಯಂಗೆ ಅಡ್ಡಬಂದು ಚುಕ್ಕೆ ಹೆಚ್ಚುತ್ತದೆ. ಸಿಂಪಡಣೆ ಮಾಡುವುದಾದರೆ ಸೇಬಿಗೆಂದೇ ಮಾರುವ ಕ್ಯಾಲ್ಸಿಯಂ ದ್ರಾವಣವನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲೇ ಜೂನ್ ನಡುವಿನಿಂದ ಸೆಪ್ಟೆಂಬರ್ ನಡುವಿನವರೆಗೆ 10–14 ದಿನಕ್ಕೊಮ್ಮೆ ಕೊಡಿ. ಕಾಯಿಯೇ ತೋಯಬೇಕು, ಎಲೆ ತೋಯ್ದರೆ ಸಾಲದು. ಬಿಸಿಲಲ್ಲಿ ಹೊಡೆದರೆ ಎಲೆ ಸುಡುತ್ತದೆ. ಸಂಜೆ ಹೊತ್ತು, ಮೊದಲು ಒಂದೇ ಕೊಂಬೆಗೆ ಹೊಡೆದು ನೋಡಿ. ಚುಕ್ಕೆ ಬಿದ್ದ ಕಾಯಿ ತಿಂದರೆ ಅಪಾಯವಿಲ್ಲ, ಆ ಭಾಗ ಕೆತ್ತಿ ಬಳಸಿ. ಕಾಪಿಡಲು ಮಾತ್ರ ಇಡಬೇಡಿ, ಇಟ್ಟಲ್ಲಿ ಚುಕ್ಕೆ ಹೆಚ್ಚುತ್ತದೆ.

ಮೊಳೆಯ ಮಾತು. ಗಾಯಗೊಂಡ ಮರ ಹೆದರಿ ಹೂ ಬಿಡುತ್ತದೆ ಎನ್ನುವ ನಂಬಿಕೆಯಲ್ಲಿ ಒಂದು ಎಳೆ ನಿಜವಿದೆ: ಎಲೆಯಲ್ಲಿ ತಯಾರಾದ ಆಹಾರ ಬೇರಿಗಿಳಿಯುವುದನ್ನು ತಡೆದರೆ ಹೂಮೊಗ್ಗು ಹೆಚ್ಚುತ್ತದೆ. ಒಂದು ಮೊಳೆ ಆ ಹರಿವನ್ನು ತಡೆಯುವುದಿಲ್ಲ, ಕೊಳೆರೋಗಕ್ಕೆ ಬಾಗಿಲು ತೆರೆಯುತ್ತದೆ ಅಷ್ಟೆ. ತಡೆಯುವ ಕ್ರಮಬದ್ಧ ದಾರಿ ತೊಗಟೆ ಉಂಗುರ ತೆಗೆಯುವುದು. ಮೇ ನಡುವಿನಿಂದ ಕೊನೆಯವರೆಗೆ, ಕೆಳಗಿನ ಕೊಂಬೆಗಿಂತ ಕೆಳಗೆ, ಕಾಂಡದ ಮೇಲೆ 6 ಮಿಲಿಮೀಟರ್ ಅಗಲದ ತೊಗಟೆಪಟ್ಟಿಯನ್ನು ಎತ್ತಬೇಕು. ಪೂರ್ತಿ ಸುತ್ತು ಎತ್ತಬಾರದು. ಸುತ್ತಳತೆಯ ಮೂರರಲ್ಲೊಂದು ಭಾಗ ತೊಗಟೆ ಹಾಗೇ ಉಳಿಯಬೇಕು. ಗಾಯಕ್ಕೆ ಕೂಡಲೇ ಟೇಪ್ ಸುತ್ತಬೇಕು, ಮಾಯ್ದ ಮೇಲೆ ಬಿಚ್ಚಬೇಕು. ಪಟ್ಟಿ ಅಗಲವಾದರೆ ಅಥವಾ ಸುತ್ತು ಪೂರ್ತಿಯಾದರೆ ಮರ ಸಾಯಬಹುದು. ಮೂರು ವರ್ಷ ಕತ್ತರಿ ತಡೆದು, ಕೊಂಬೆ ಬಗ್ಗಿಸಿಯೂ ಹೂ ಬಾರದಿದ್ದರೆ ಮಾತ್ರ ಇದನ್ನು ಯೋಚಿಸಿ.

ಮರ ತೆಗೆಯುವುದೇ ಸರಿ ಎನ್ನುವ ಸಂದರ್ಭ ಒಂದೇ: ಹಿತ್ತಲು ಅಷ್ಟು ಚಿಕ್ಕದು, ಐದಾರು ಮೀಟರ್ ಹರಡುವ ಮರಕ್ಕೆ ಅಲ್ಲಿ ಜಾಗವೇ ಇಲ್ಲ ಎಂದಾದರೆ. ಆಗ ಎಂ9 ಎಂಬ ಗಿಡ್ಡ ಬೇರುಸಸಿಯ ಮೇಲಿನ ಬ್ರಾಮ್ಲಿ ಹಾಕಿ. ಅದಕ್ಕೆ ಜೀವಮಾನವಿಡೀ ಊರೆಗೋಲು ಬೇಕು, ನೀರಿನ ಆರೈಕೆಯೂ ಹೆಚ್ಚು. ಹಳೆಯ ಗುಂಡಿಯಲ್ಲೇ ನೆಡಬೇಡಿ, ಸೇಬು ಕಿತ್ತ ಜಾಗದಲ್ಲಿ ಸೇಬು ಏಳಿಗೆಯಾಗುವುದಿಲ್ಲ.

ಕಾಯಿ ಹೆಚ್ಚಾದ ವರ್ಷ ಇನ್ನೊಂದು ಹಟ ಎದುರಾಗುತ್ತದೆ: ಒಂದು ವರ್ಷ ಹೊರಲಾರದಷ್ಟು, ಮರುವರ್ಷ ಬರಿದು. ಜೂನ್‌ನಲ್ಲಿ ತಾನಾಗಿ ಉದುರಿದ ಮೇಲೆ, ಜುಲೈಯಲ್ಲಿ ಗೊಂಚಲಿಗೆ ಒಂದನ್ನು ಬಿಟ್ಟು ಉಳಿದದ್ದನ್ನು ಕಿತ್ತು, ಕಾಯಿಂದ ಕಾಯಿಗೆ 15–20 ಸೆಂ.ಮೀ. ಅಂತರ ಕೊಟ್ಟರೆ ಆ ಏರಿಳಿತ ತಗ್ಗುತ್ತದೆ.

ಊರಿಗೆ ಕಡ್ಡಿ ಒಯ್ಯುವುದು ಬೇಡ. ಬ್ರಾಮ್ಲಿಯ ಮೊಗ್ಗು ಸರಿಯಾಗಿ ಒಡೆಯಲು ಚಳಿಗಾಲದಲ್ಲಿ 7 ಡಿಗ್ರಿಗಿಂತ ಕೆಳಗಿನ ಚಳಿ ಸಾವಿರ ಗಂಟೆಯ ಲೆಕ್ಕದಲ್ಲಿ ಬೇಕು. ಮೂಡಿಗೆರೆಯ ಡಿಸೆಂಬರ್‌ಗೆ ಅದು ಸಿಗುವುದಿಲ್ಲ. ಕಸಿ ಹತ್ತಿದರೂ ಮೊಗ್ಗು ಅಲ್ಲಲ್ಲಿ ಒಡೆದು, ಎಲೆ ಸೊರಗಿ ನಿಲ್ಲುತ್ತದೆ. ಅದಕ್ಕಿಂತ ಗಂಭೀರವಾದದ್ದು, ಸೇಬು ಮತ್ತು ಪಿಯರ್ ಮರಗಳನ್ನು ಬೆಂಕಿ ತಗುಲಿದಂತೆ ಒಣಗಿಸುವ ಬ್ಯಾಕ್ಟೀರಿಯಾ ರೋಗವೊಂದು ಇಂಗ್ಲೆಂಡಿನಲ್ಲಿ 1957ರಿಂದ ಇದೆ. ಆರೋಗ್ಯವಾಗಿ ಕಾಣುವ ಕಡ್ಡಿಯಲ್ಲೂ ಅದು ಅಡಗಿರಬಹುದು, ಸೂಟ್‌ಕೇಸಿನಲ್ಲಿ ಹೋದ ಒಂದು ಕಡ್ಡಿ ಸಾಕು. ಭಾರತದ 2003ರ ಸಸ್ಯ ಸಂಪರ್ಕತಡೆ ಆದೇಶದ ಪ್ರಕಾರ ಆಮದು ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಇಲ್ಲದೆ ಕಸಿಕಡ್ಡಿ ಒಯ್ಯುವಂತಿಲ್ಲ. ತಂದೆಯವರಿಗೆ ಸೇಬಿನ ಆಸೆಯಿದ್ದರೆ ಕಡಿಮೆ ಚಳಿ ಸಾಕಾಗುವ ಅನ್ನಾ, ಡಾರ್ಸೆಟ್ ಗೋಲ್ಡನ್ ಅಥವಾ ಹಿಮಾಚಲದ ಬಿಲಾಸ್‌ಪುರದ ಎಚ್‌ಆರ್‌ಎಂಎನ್-99 ಸಸಿಗಳನ್ನು ದೇಶದೊಳಗಿನ ನಂಬಿಕಸ್ಥ ನರ್ಸರಿಯಿಂದ ತರಿಸಿ ಒಂದೆರಡು ನೆಟ್ಟು ನೋಡಲಿ. ಮಲೆನಾಡಿನ ಮಳೆಯಲ್ಲಿ ಎಲೆರೋಗದ ಕಾಟ ಇದ್ದೇ ಇರುತ್ತದೆ, ಆದಾಯದ ಲೆಕ್ಕ ಹಾಕಿ ಎಕರೆಗಟ್ಟಲೆ ಹಾಕುವ ಬೆಳೆ ಅಲ್ಲಿ ಅದಲ್ಲ.

ಕೊನೆಗೆ ಅಮ್ಮನ ಉಪ್ಪಿನಕಾಯಿ. ಬ್ರಾಮ್ಲಿಯಲ್ಲಿ ಹುಳಿ ಹೆಚ್ಚು, ಸಕ್ಕರೆ ಕಡಿಮೆ. ಬೇಯಿಸಿದರೆ ನೊರೆಯಂತೆ ಕರಗುವುದೇ ಅದರ ಹೆಗ್ಗಳಿಕೆ. ಅಕ್ಟೋಬರ್‌ನಲ್ಲಿ ಬಲಿತ ಕಾಯಿಗೆ ಹೋಳಿನ ಉಪ್ಪಿನಕಾಯಿ ಹೊಂದುವುದಿಲ್ಲ. ಅದನ್ನು ತೊಕ್ಕಿಗೆ, ಗೊಜ್ಜಿಗೆ ಬಳಸಲಿ, ಹುಣಸೆಹಣ್ಣೇ ಬೇಡ. ಮಾವಿನಕಾಯಿ ಚಿತ್ರಾನ್ನದ ಬದಲಿಗಾದರೆ ಹಸಿಯಾಗಿ ತುರಿದು, ಒಗ್ಗರಣೆ ಆರಿದ ಮೇಲೆ ಬೆರೆಸಬೇಕು. ತುರಿದದ್ದು ಬೇಗ ಕಪ್ಪಾಗುವುದರಿಂದ ಕೂಡಲೇ ಉಪ್ಪು, ನಿಂಬೆರಸ ಸೇರಲಿ. ಹೋಳಿನ ಉಪ್ಪಿನಕಾಯಿಗೆ ಬೇಕಾದದ್ದು ಜುಲೈ ಕೊನೆಯಲ್ಲಿ ಗೊಂಚಲು ತೆಳುಮಾಡುವಾಗ ಕಿತ್ತ ನಿಂಬೆಗಾತ್ರದ ಕಲ್ಲುಗಾಯಿ. ನಿಮ್ಮ ಮರ ಕೊಡುವವರೆಗೆ ಪಕ್ಕದ ಮನೆಯವರನ್ನು ಕೇಳಿ, ಅವರು ಹೇಗೂ ಅದನ್ನು ಎಸೆಯುವವರು. ಬೀಜದ ಗೂಡು ತೆಗೆದು, ಸಿಪ್ಪೆ ಸಹಿತ ಹೋಳು ಮಾಡಿ, ಉಪ್ಪು ಬೆರೆಸಿ ಒಂದು ರಾತ್ರಿ ಇಟ್ಟು, ಬಿಟ್ಟ ನೀರು ಬಸಿದು, ಬಟ್ಟೆಯ ಮೇಲೆ ಆರಿಸಿ, ಪೂರ್ತಿ ತಣಿದ ಒಗ್ಗರಣೆಯಲ್ಲಿ ಕಲಸಲಿ. ಸ್ವಲ್ಪ ಸ್ವಲ್ಪ ಹಾಕಿ ಫ್ರಿಜ್ಜಿನಲ್ಲಿಟ್ಟರೆ ಹೋಳು ಗಟ್ಟಿ ಉಳಿಯುವುದು ಹೆಚ್ಚು ದಿನ.